ಕಬ್ಬಿಣ ಬಿಟ್ಟ ವಿಷವನ್ನು ಕಬ್ಬಿಣವೇ ಹಿಡಿದ ಬಗೆ

ಕೆರೆ–ಹೊಂಡಗಳ ನೀರು ಕುಡಿದು ಕಾಲರಾ, ಅತಿಸಾರಗಳಿಗೆ ಬಲಿಯಾಗುತ್ತಿದ್ದ ಬಂಗಾಳ ಸೀಮೆಯ ಜನರನ್ನು ಉಳಿಸಬೇಕೆಂಬ ಸದುದ್ದೇಶದಿಂದ 1970ರ ದಶಕದಲ್ಲಿ ಅಲ್ಲಿನ ಹಳ್ಳಿಹಳ್ಳಿಗಳಲ್ಲಿ ಕೊಳವೆಬಾವಿಗಳನ್ನು ಕೊರೆಯಿಸಲಾಯಿತು. ಆ ನೀರು ತಿಳಿಯಾಗಿತ್ತು, ರೋಗಾಣುಗಳಿಂದಲೂ ಬಹುಮಟ್ಟಿಗೆ ಮುಕ್ತವಾಗಿತ್ತು. ಆದರೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಆರ್ಸೆನಿಕ್ ಅದರಲ್ಲಿ ಕರಗಿತ್ತು. ಅಂಗೈ–ಅಂಗಾಲುಗಳ ಚರ್ಮ ಒರಟಾಗಿ ಗಂಟುಕಟ್ಟಿದ, ಎದೆ–ಬೆನ್ನುಗಳ ಮೇಲೆ ಮಳೆಹನಿಯಂಥ ಕಲೆಗಳೆದ್ದ ರೋಗಿಗಳನ್ನು 1983ರಲ್ಲಿ ಪರೀಕ್ಷಿಸಿದ ಕೋಲ್ಕತ್ತದ ಚರ್ಮರೋಗ ತಜ್ಞ ಕೆ.ಸಿ. ಸಾಹಾ ಇದು ಆರ್ಸೆನಿಕ್ ವಿಷವೆಂದು ಗುರುತಿಸಿದರು. 1993ರಲ್ಲಿ ಬಾಂಗ್ಲಾದೇಶದ ಬಾವಿಗಳಲ್ಲಿಯೂ ಅದು ಪತ್ತೆಯಾಯಿತು.

ವಿಷದ ಮೂಲ ಭೂಮಿಯೊಳಗೇ ಇತ್ತು. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲಿನಲ್ಲಿ ಆರ್ಸೆನಿಕ್, ಕಬ್ಬಿಣದ ಆಕ್ಸೈಡ್ ಕಣಗಳ ಮೈಗೆ ಅಂಟಿಕೊಂಡಿರುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ಕೊಳೆಯಿಸುವಾಗ ಆ ಆಕ್ಸೈಡ್ ಕರಗುತ್ತದೆ, ಅದು ಹಿಡಿದಿಟ್ಟಿದ್ದ ಆರ್ಸೆನಿಕ್ ನೀರಿಗೆ ಸೇರುತ್ತದೆ. ಪರಿಹಾರದ ದಾರಿಯೂ ಇದರಲ್ಲೇ ಅಡಗಿತ್ತು: ಮೇಲೆತ್ತಿದ ನೀರನ್ನು ಮತ್ತೆ ಕಬ್ಬಿಣದ ಆಕ್ಸೈಡಿನ ಮೂಲಕ ಹರಿಸಿದರೆ ಆರ್ಸೆನಿಕ್ ಮರಳಿ ಅದಕ್ಕೇ ಅಂಟುತ್ತದೆ.

ಕರಗಿದ ವಸ್ತುವೊಂದು ಘನವಸ್ತುವಿನ ಒಡಲನ್ನು ಹೊಗದೆ ಅದರ ಮೇಲ್ಮೈಯಲ್ಲಿ ಮಾತ್ರ ಕೂತುಬಿಡುವ ಈ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ಇದ್ದಿಲು ದ್ರಾವಣಗಳ ಬಣ್ಣವನ್ನು ತೆಗೆಯುತ್ತದೆಂಬುದನ್ನು 1785ರಲ್ಲಿ ರಷ್ಯಾದಲ್ಲಿ ಟೋಬಿಯಾಸ್ ಲೋವಿಟ್ಸ್ ಕಂಡುಕೊಂಡಿದ್ದನು, ಸಕ್ಕರೆ ಕಾರ್ಖಾನೆಗಳು ಆ ಗುಣವನ್ನು ಮುಂದೆ ಚೆನ್ನಾಗಿ ದುಡಿಸಿಕೊಂಡವು. ಆದರೆ ಆರ್ಸೆನಿಕ್ಕಿಗೆ ಬರಿಯ ಇದ್ದಿಲು ಸಾಲದು. ಅಂತರ್ಜಲದಲ್ಲಿ ಅದರ ಬಹುಪಾಲು ವಿದ್ಯುದಾವೇಶವಿಲ್ಲದ ರೂಪದಲ್ಲಿರುವುದರಿಂದ ಸುಲಭವಾಗಿ ಅಂಟುವುದಿಲ್ಲ. ಮೊದಲು ಅದನ್ನು ಉತ್ಕರ್ಷಿಸಿ ಋಣಾವೇಶದ ರೂಪಕ್ಕೆ ತಂದರೆ ಕಬ್ಬಿಣದ ಆಕ್ಸೈಡ್ ಅದನ್ನು ಬಿಗಿಯಾಗಿ ಬಂಧಿಸುತ್ತದೆ.

ಈ ತತ್ತ್ವವನ್ನು ಹಳ್ಳಿಯ ಮನೆಗೆ ತಲುಪಿಸಿದವರಲ್ಲಿ ಬಾಂಗ್ಲಾದೇಶದ ಕುಷ್ಟಿಯಾ ಮೂಲದ ರಸಾಯನವಿಜ್ಞಾನಿ ಅಬುಲ್ ಹುಸ್ಸಾಮ್ ಮುಖ್ಯರು. ಅವರ ‘ಸೋನೋ’ ಶೋಧಕದಲ್ಲಿ ಒಂದರ ಮೇಲೊಂದಿಟ್ಟ ಎರಡು ಬಕೆಟ್‌ಗಳಿವೆ: ಮೇಲಿನದರಲ್ಲಿ ಮರಳು ಹಾಗೂ ಸಂಸ್ಕರಿಸಿದ ಕಬ್ಬಿಣದ ಚೂರುಗಳ ಪದರ, ಕೆಳಗಿನದರಲ್ಲಿ ಮರಳು, ಇದ್ದಿಲು, ಇಟ್ಟಿಗೆ ಚೂರು. ವಿದ್ಯುತ್ತಿನ ಹಂಗಿಲ್ಲದ ಈ ಸಾಧನಕ್ಕೆ 2007ರಲ್ಲಿ ಅಮೆರಿಕದ ಗ್ರೇಂಜರ್ ಪ್ರಶಸ್ತಿಯ ಹತ್ತು ಲಕ್ಷ ಡಾಲರ್ ಸಂದಿತು. ಅದೇ ವರ್ಷ ಎರಡನೆಯ ಬಹುಮಾನ ಪಡೆದ ಅರೂಪ್ ಸೆನ್‌ಗುಪ್ತ ಅವರ ತಂಡ ಪಶ್ಚಿಮ ಬಂಗಾಳದ ಸಾರ್ವಜನಿಕ ಬಾವಿಗಳಿಗೇ ಶೋಧಕಗಳನ್ನು ಜೋಡಿಸಿ, ಅವುಗಳ ನಿರ್ವಹಣೆಯನ್ನು ಊರಿನವರ ಕೈಗೆ ಒಪ್ಪಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದು ಮದ್ರಾಸ್ ಐಐಟಿಯಲ್ಲಿ ನೆಲೆಸಿದ ಟಿ. ಪ್ರದೀಪ್, ಸೀಗಡಿ–ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೊಸಾನ್‌ನಲ್ಲಿ ಕಬ್ಬಿಣದ ಆಕ್ಸಿಹೈಡ್ರಾಕ್ಸೈಡಿನ ನ್ಯಾನೊಕಣಗಳನ್ನು ನೆಲೆಗೊಳಿಸಿ, ಹೆಚ್ಚು ಆರ್ಸೆನಿಕ್ ಹಿಡಿಯಬಲ್ಲ ‘ಅಮೃತ್’ ಎಂಬ ವಿಧಾನವನ್ನು ರೂಪಿಸಿದರು.

ಅಧಿಶೋಷಣೆ ವಿಷವನ್ನು ನಾಶಮಾಡುವುದಿಲ್ಲ, ಸ್ಥಳಾಂತರಿಸುತ್ತದೆ ಎಂಬುದನ್ನು ಮಾತ್ರ ಮರೆಯಲಾಗದು. ಮೇಲ್ಮೈ ಭರ್ತಿಯಾದ ಶೋಧಕದಿಂದ ಆರ್ಸೆನಿಕ್ ಸದ್ದಿಲ್ಲದೆ ಲೋಟಕ್ಕೆ ಬರುತ್ತದೆ. ಹೊರತೆಗೆದ ಹೂಳನ್ನು ಹೊಂಡಕ್ಕೆ ಎಸೆದರೆ ಅದು ಮತ್ತೆ ಅಂತರ್ಜಲವನ್ನು ಸೇರಬಹುದು. ಆದ್ದರಿಂದ ಶೋಧಕ ಕೂರಿಸುವುದಕ್ಕಿಂತ ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ ನಡೆಸಿಕೊಂಡು ಹೋಗುವುದೇ ಹಿರಿದಾದ ಕೆಲಸ. ಇದು ಬಂಗಾಳಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ: ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಹಳೆಯ ಚಿನ್ನದ ಗಣಿಗಾರಿಕೆಯ ನೆಲದಲ್ಲಿರುವ ಕಿರದಳ್ಳಿ ತಾಂಡಾದಲ್ಲಿಯೂ ಆರ್ಸೆನಿಕ್ ವಿಷಪ್ರಾಶನ ದಾಖಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಕುಡಿಯುವ ನೀರಿನ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು, ಕಾಯಿಸಿದರೆ ಅದು ಹೋಗುವುದೂ ಇಲ್ಲ. ಅಂಥ ನೆಲದ ಪ್ರತಿ ಕೊಳವೆಬಾವಿಯ ನೀರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕುಡಿಯಲು ಬಳಸಬೇಕು.