ನೀರು ನುಂಗಿದ ಹೊಗೆಹಡಗುಗಳು

ಚಾಕಣದ ಉತ್ತರಕ್ಕೆ ಹರಿಯುವ ಭಾಮಾ ನದಿಯನ್ನು ನಮ್ಮಲ್ಲಿ ನೋಡದವರಿಲ್ಲ. ಆ ನೀರು ಭೀಮೆಯನ್ನು ಕೂಡಿ, ಪಂಢರಪುರವನ್ನು ದಾಟಿ, ವಿಜಯಪುರ, ಕಲಬುರ್ಗಿಗಳ ಸೀಮೆಯಲ್ಲಿ ಸಾಗಿ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಆದರೆ ಈ ಘಟ್ಟದ ಮೇಲಿನ ನದಿಗಳು ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಸೊರಗುವಂಥವು, ತಳವೆಲ್ಲ ಬಂಡೆ. ಹೊಗೆಹಡಗಿನ ಸಂಚಾರಕ್ಕೆ ಒದಗಿದ್ದು ಗಂಗೆ ಬ್ರಹ್ಮಪುತ್ರೆಗಳಂಥ ತುಂಬು ಹೊಳೆಗಳು. ನಮ್ಮ ಕಡೆ ಅದು ಓಡಾಡಿದ್ದು ಘಟ್ಟದ ಕೆಳಗೆ, ಕಡಲಂಚಿನಲ್ಲಿ ಮತ್ತು ಹೊಳೆಗಳ ಅಳಿವೆಗಳಲ್ಲಿ.

ಆ ಹಡಗಿಗೆ ಮರಾಠಿಗರಂತೆ ನಮ್ಮವರೂ ಆಗಬೋಟು ಎಂದೇ ಕರೆದರು. ಮಂಗಳೂರು, ಮಲ್ಪೆ, ಹೊನ್ನಾವರ, ಕುಮಟೆ, ಕಾರವಾರಗಳಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಹಿರಿಯರಲ್ಲಿ ಎಷ್ಟೋ ಮಂದಿ ಬಂದದ್ದು ಅದರಲ್ಲಿ. ದಡದಿಂದ ಸಣ್ಣ ದೋಣಿಯಲ್ಲಿ ಹೋಗಿ, ದೂರದಲ್ಲಿ ನಿಂತ ಹಡಗಿನ ಏಣಿಯನ್ನು ಹತ್ತಬೇಕಾಗಿತ್ತು. ಮಳೆಗಾಲದಲ್ಲಿ ಈ ದೂರದ ಸಂಚಾರ ನಿಲ್ಲುತ್ತಿತ್ತು. ಮುಂಬಯಿ ಬಂದರದ ಆಸುಪಾಸಿನ ಊರುಗಳಿಗೆ ಮಾತ್ರ ಬೋಟುಗಳು ಹೋಗಿಬರುತ್ತಿದ್ದವು.

ಇಂಥ ಬೋಟುಗಳಲ್ಲಿ ಕೆಲವಕ್ಕೆ ಸಂತರ ಹೆಸರಿಟ್ಟಿದ್ದರು. ದೇಹುವಿನ ತುಕಾರಾಮರು ನಮ್ಮ ನೆರೆಯ ಊರಿನವರೇ. ಅವರ ಹೆಸರು ಹೊತ್ತ ‘ತುಕಾರಾಮ’ ಮತ್ತು ಅದರ ಜೊತೆಯ ‘ಜಯಂತಿ’ ಎಂಬ ಹಡಗುಗಳೆರಡೂ 1927ರ ನವೆಂಬರ 11ರಂದು, ಒಂದೇ ದಿನ, ಸಮುದ್ರದ ಪಾಲಾದವು. ಇಪ್ಪತ್ತು ವರ್ಷಗಳ ಅನಂತರ ‘ರಾಮದಾಸ’ನ ಸರದಿ ಬಂದಿತು.

‘ರಾಮದಾಸ’ ಹಡಗನ್ನು 1936ರಲ್ಲಿ ಇಂಗ್ಲೆಂಡಿನ ಸ್ವಾನ್ ಹಂಟರ್ ಕಾರಖಾನೆಯಲ್ಲಿ ಕಟ್ಟಿದ್ದರು. ಉದ್ದ 179 ಅಡಿ. 1947ರ ಜುಲೈ 17, ಗುರುವಾರ. ಸ್ವಾತಂತ್ರ್ಯಕ್ಕೆ ಇನ್ನು ಇಪ್ಪತ್ತೊಂಬತ್ತೇ ದಿನ. ಆಷಾಢದ ಅಮಾವಾಸ್ಯೆ ಬಂದಿತ್ತು. ನಮ್ಮ ಉತ್ತರ ಕರ್ನಾಟಕದವರು ನಾಗರ ಅಮಾವಾಸ್ಯೆ, ಮೈಸೂರು ಸೀಮೆಯವರು ಭೀಮನ ಅಮಾವಾಸ್ಯೆ ಎನ್ನುವ ದಿನ. ಹಬ್ಬಕ್ಕೆ ಊರಿಗೆ ಹೊರಟವರಿಂದ ತುಂಬಿದ ಹಡಗು ಬೆಳಿಗ್ಗೆ ಎಂಟು ಗಂಟೆಗೆ ಮುಂಬಯಿಯ ಭಾವುಚಾ ಧಕ್ಕೆಯನ್ನು ಬಿಟ್ಟು, ಧರಮತರ ಅಳಿವೆಯ ಬಾಯಲ್ಲಿರುವ ರೇವಸಕ್ಕೆ ಹೊರಟಿತು. ಗಾಳಿಮಳೆ ಬಲವಾಯಿತು. ಗಲ್ ದ್ವೀಪವೆಂಬ ಬಂಡೆಯ ಸಮೀಪದಲ್ಲಿ ಭಾರಿ ಅಲೆಗಳು ಹಡಗಿಗೆ ಅಪ್ಪಳಿಸಿದವು. ಹೆದರಿದ ಜನ ಒಂದೇ ಮಗ್ಗುಲಿಗೆ ನುಗ್ಗಿದರು. ವಾಲಿದ ಹಡಗು ಮತ್ತೆ ನೆಟ್ಟಗಾಗಲಿಲ್ಲ. ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸಂತೆಗೆ ಮೀನು ಒಯ್ಯುತ್ತಿದ್ದ ಕೋಳಿ ಜನರು ತಮ್ಮ ಮೀನನ್ನೆಲ್ಲ ನೀರಿಗೆ ಚೆಲ್ಲಿ, ದೋಣಿ ಖಾಲಿ ಮಾಡಿಕೊಂಡು, ಕೈಗೆ ಸಿಕ್ಕವರನ್ನು ಎತ್ತಿಕೊಂಡರೆಂದು ಆ ಕರಾವಳಿಯಲ್ಲಿ ಇಂದಿಗೂ ಹೇಳುತ್ತಾರೆ.

ಇಂಥ ಅನಾಹುತದ ಇತಿಹಾಸವನ್ನು ತಿಳಿಯುವುದು ಹೇಗೆ? ನಾವು ಕೆಲವು ಮನೆಗಳವರು ಕೂಡಿ ಈ ಹುಡುಕಾಟಕ್ಕೆ ಕೈ ಹಾಕಿದ ಮೇಲೆ ಅದಕ್ಕೆ ಮೂರು ದಾರಿಗಳಿವೆ ಎಂಬುದು ಮನದಟ್ಟಾಗಿದೆ.

ಮೊದಲನೆಯದು ಕಾಗದದ ದಾರಿ. ಹಡಗು ಯಾವ ವರ್ಷದ್ದು, ಎಷ್ಟು ಟನ್ನಿನದು ಎಂಬ ವಿವರ ಲಂಡನ್ನಿನ ಲಾಯ್ಡ್ಸ್ ರಿಜಿಸ್ಟರ ಎಂಬ ವಾರ್ಷಿಕ ಗ್ರಂಥಗಳಲ್ಲಿ ಸಿಗುತ್ತದೆ. ಸರಕಾರಿ ದಫ್ತರಗಳು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪುರಾಭಿಲೇಖಾಗಾರದಲ್ಲಿವೆ. ಇನ್ನು ವರ್ತಮಾನಪತ್ರಿಕೆಗಳು: ಪುಣೆಯಲ್ಲಿ 1881ರಿಂದ ‘ಕೇಸರಿ’ ಇದೆ, ಹುಬ್ಬಳ್ಳಿಯಲ್ಲಿ ಆಗ ‘ಸಂಯುಕ್ತ ಕರ್ನಾಟಕ’ ನಡೆಯುತ್ತಿತ್ತು. ಪತ್ರಿಕೆಯನ್ನು ಓದುವಾಗ ಮಾತ್ರ ಒಂದು ಎಚ್ಚರ ಬೇಕು. ಮೊದಲ ದಿನದ ಸುದ್ದಿಯಲ್ಲಿ ಗಾಬರಿ ಹೆಚ್ಚು, ಲೆಕ್ಕ ಕಡಿಮೆ. ಮುಂದಿನ ಹದಿನೈದು ದಿನಗಳ ಸಂಚಿಕೆಗಳನ್ನೂ ಓದಿ ತಾಳೆ ನೋಡಬೇಕು.

ಎರಡನೆಯದು ನೀರಿನ ದಾರಿ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಕೂಡಿಕೊಂಡು ಭರತ ಇಳಿತಗಳು ದೊಡ್ಡವಾಗುತ್ತವೆ. ಹಿಂದಿನ ಯಾವುದೇ ದಿನದ ಭರತದ ಹೊತ್ತನ್ನು ಈಗಲೂ ಲೆಕ್ಕ ಹಾಕಬಹುದು. ಹಳೆಯ ಪಂಚಾಂಗ ಮತ್ತು ಹಳೆಯ ನಕಾಶೆಗಳನ್ನು ಒಟ್ಟಿಗೆ ಹರಡಿಕೊಂಡು ಕುಳಿತರೆ, ಒಬ್ಬರು ಹೇಳಿದ ಹೊತ್ತು ಸರಿಯೋ ತಪ್ಪೋ ಎಂಬುದು ಬಹುಮಟ್ಟಿಗೆ ತಿಳಿದುಬರುತ್ತದೆ.

ಈ ಎರಡು ದಾರಿಗಳು ಎಷ್ಟು ದೂರ ಒಯ್ಯಬಲ್ಲವು ಎಂಬುದಕ್ಕೆ ಅಮೆರಿಕದ ಮಿಸೌರಿ ನದಿಯೇ ಸಾಕ್ಷಿ. ಚಿಟೆಂಡೆನ್ ಎಂಬ ಸೇನಾ ಇಂಜಿನಿಯರರು 1897ರಲ್ಲಿ ಆ ಒಂದು ನದಿಯಲ್ಲಿ ಕೆಟ್ಟ 295 ಹೊಗೆಹಡಗುಗಳ ಪಟ್ಟಿ ಮಾಡಿದರು. ಎಲ್ಲಕ್ಕಿಂತ ದೊಡ್ಡ ಶತ್ರು, ನೀರಿನೊಳಗೆ ಹೂತು ನಿಂತ ಮರದ ಬೊಡ್ಡೆ. ‘ಅರೇಬಿಯಾ’ ಎಂಬ ಹಡಗು 1856ರ ಸಪ್ಟಂಬರ 5ರಂದು ಇಂಥದೇ ಬೊಡ್ಡೆ ತಾಗಿ ಮುಳುಗಿತು. ಮುಂದೆ ನದಿಯೇ ಪಾತ್ರವನ್ನು ಬದಲಿಸಿತು. ತಂದೆ ಮಕ್ಕಳ ಒಂದು ಕುಟುಂಬ ಗೆಳೆಯರೊಡನೆ ಕೂಡಿ, ಹಳೆಯ ನಕಾಶೆ ಮತ್ತು ಲೋಹವನ್ನು ಪತ್ತೆಹಚ್ಚುವ ಕಾಂತಮಾಪಕವನ್ನು ಹಿಡಿದು ಹುಡುಕಿದಾಗ, ಹಡಗು ಸಿಕ್ಕಿದ್ದು ನದಿಯಿಂದ ಅರ್ಧ ಮೈಲಿ ದೂರದ ಹೊಲದಲ್ಲಿ, 45 ಅಡಿ ಆಳದಲ್ಲಿ! 1988-89ರ ಚಳಿಗಾಲದಲ್ಲಿ ಅಗೆದು ತೆಗೆದ ಪಾತ್ರೆ, ಬೂಟು, ಉಪ್ಪಿನಕಾಯಿಯ ಸೀಸೆಗಳು 1991ರಲ್ಲಿ ತೆರೆದ ವಸ್ತುಸಂಗ್ರಹಾಲಯಕ್ಕೆ ಸೇರಿದವು. ಆ ಹಡಗಿನಲ್ಲಿದ್ದ ಜನರೆಲ್ಲ ಬದುಕಿಕೊಂಡಿದ್ದರು; ಸತ್ತದ್ದು ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಮಾತ್ರ.

ಅಲ್ಲಿ ಜನ ಉಳಿದು ಸರಕು ಮುಳುಗಿತು. ನೆಲ ಅಗೆದರೆ ಸರಕೂ ಮರಳಿ ಬಂದಿತು. ‘ರಾಮದಾಸ’ದಲ್ಲಿ ಮುಳುಗಿದ್ದು ಜನ. ಅದನ್ನು ಅಗೆದು ತೆಗೆಯಲು ಬರುವುದಿಲ್ಲ. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 625 ಎಂದು ಬರೆಯುತ್ತಾರೆ. ಅದಕ್ಕಿಂತ ಹೆಚ್ಚೆಂದು ಹೇಳುವ ಬರಹಗಳೂ ಇವೆ. ಟಿಕೆಟ್ಟು ಮಾರಿದ ಲೆಕ್ಕವಿರಬಹುದು. ಟಿಕೆಟ್ಟಿಲ್ಲದೆ ಹತ್ತಿದವರ ಹೆಸರನ್ನು ಬರೆದಿಟ್ಟವರು ಯಾರು? ಕಂಕುಳ ಕೂಸಿನ ಹೆಸರನ್ನು ಕೇಳಿದವರು ಯಾರು? ಪರವೂರಿನಲ್ಲಿ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ. ಸತ್ತದ್ದು ಊರಿಗೆ ತಿಳಿಯದೆ, ಮನೆಯವರು ವರ್ಷಗಟ್ಟಲೆ ಬಾಗಿಲು ಕಾಯುವಂತಾದರೆ?

ಆದ್ದರಿಂದ ಮೂರನೆಯ ದಾರಿಯೇ ನಮಗೆ ಮುಖ್ಯವಾದದ್ದು. ಅದು ಮನೆಯ ನೆನಪಿನ ದಾರಿ. ದಫ್ತರಗಳು ಇನ್ನೂ ನೂರು ವರ್ಷ ಕಾಯಬಲ್ಲವು, ಅಜ್ಜಿಯರು ಕಾಯಲಾರರು. 1947ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ನಿಮ್ಮ ಮನೆಯ ಹಿರಿಯರು ಆಗಬೋಟಿನಲ್ಲಿ ಬಂದವರಾದರೆ ಈ ದೀಪಾವಳಿಯ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿರಿ: ಯಾವ ಬಂದರದಲ್ಲಿ ಹತ್ತಿದರು, ಹಡಗಿನ ಹೆಸರೇನು, ಜೊತೆಯಲ್ಲಿ ಯಾರಿದ್ದರು, ಮುಟ್ಟದೆ ಹೋದವರು ಯಾರು? ಇಸವಿ ನೆನಪಿಲ್ಲದಿದ್ದರೆ ಹಬ್ಬವನ್ನು ಕೇಳಿರಿ, ಮಳೆಯನ್ನು ಕೇಳಿರಿ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆಬೇರೆಯಾಗಿ ಬರೆಯಿರಿ. ಅಲಂಕಾರ ಬೇಡ, ಹೆಸರು ಬೇಕು.

ಇದು ಬರಿಯ ಹಳೆಯ ಕಥೆಯಲ್ಲ. 2024ರ ಮೇ 21ರಂದು ನಮ್ಮ ಇದೇ ಭೀಮೆಯ ಉಜನಿ ಜಲಾಶಯದಲ್ಲಿ, ಕುಗಾಂವದಿಂದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿ ಆರು ಮಂದಿ ತೀರಿಕೊಂಡರು. ಎಪ್ಪತ್ತೇಳು ವರ್ಷಗಳ ಅಂತರವಿದ್ದರೂ ಎರಡೂ ಕಲಿಸುವ ಪಾಠ ಹೆಚ್ಚು ಬೇರೆಯಲ್ಲ. ಮಕ್ಕಳೊಡನೆ ಪ್ರವಾಸ ಹೋದಾಗ ತೇಲುವ ಅಂಗಿ ಕೊಡದ ದೋಣಿಯನ್ನು ಹತ್ತಬೇಡಿರಿ. ಮೋಡ ಕವಿದಿದ್ದರೆ ಒಂದು ಗಂಟೆ ದಡದಲ್ಲಿಯೇ ಕುಳಿತು ಬುತ್ತಿ ಬಿಚ್ಚಿರಿ. ಹತ್ತಿದ ಮೇಲೆ ಗಾಬರಿಯಿಂದ ಎಲ್ಲರೂ ಒಂದೇ ಮಗ್ಗುಲಿಗೆ ಓಡಬೇಡಿರಿ. ಹೊರಡುವ ಮುಂಚೆ ಎಲ್ಲಿಗೆ, ಯಾರೊಡನೆ ಎಂಬುದನ್ನು ದಡದಲ್ಲಿರುವ ಒಬ್ಬರಿಗಾದರೂ ಹೇಳಿ ಹೋಗಿರಿ.

ಬರೆದುಕೊಂಡದ್ದನ್ನು ನಮ್ಮ ತ್ರೈಮಾಸಿಕಕ್ಕೆ ಕಳಿಸಿಕೊಡಿರಿ. ಒಂದೇ ಹೆಸರಿದ್ದರೂ ಸಾಕು. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆ ಸ್ಥಳವಿದೆ.