ಮದುವೆ ಕ್ಯಾಸೆಟ್ಟಿಗೆ ಬೂಷ್ಟು!

ಬಂಟ್ವಾಳ: "ವೀಡಿಯೋಕ್ಕೆ ದುಡ್ಡು ಯಾಕೆ ಭಾವ, ನಾನಿಲ್ವಾ?" ಗಲ್ಫಿನಿಂದ ಕ್ಯಾಮೆರಾ ತಂದ ನೆಂಟ ಹೀಗೆಂದರೆ ಮದುವೆ ಮನೆಯ ಯಜಮಾನರಿಗೆ ಒಂದು ಹೊರೆ ಇಳಿದಂತೆ. 1980ರ ದಶಕದ ಕೊನೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಇಂಥ ನೆಂಟರಿಗೆ ಭಾರಿ ಮರ್ಯಾದೆ.

ಆದರೆ ಧಾರೆಯ ಹೊತ್ತಿಗೆ ಆಗುತ್ತಿದ್ದುದೇ ಬೇರೆ. ಗಿಂಡಿಯ ನೀರೆರೆಯಲು ಹಿರಿಯರು ಮುಗಿಬೀಳುತ್ತಿದ್ದರು. ಕ್ಯಾಮೆರಾಕ್ಕೆ ಸಿಕ್ಕಿದ್ದು ಮಾವಂದಿರ ಬೆನ್ನು! ಕಸುಬಿನವನಾದರೆ ಸ್ಟೂಲ್ ಹತ್ತಿ "ಸ್ವಲ್ಪ ಸರೀರಿ" ಎಂದು ಗದರಿಸಿಯಾನು. ನೆಂಟ ಸ್ವಂತ ಅತ್ತೆಯನ್ನು ಗದರಿಸಲುಂಟೇ? ಅಲ್ಲದೆ ಅವನೂ ಧಾರೆ ಎರೆಯಬೇಕು. ಆಗ ಕ್ಯಾಮೆರಾ ಹಿಡಿಯುವವರು ಯಾರು?

ಹಾಗಿದ್ದೂ ಆ ಕ್ಯಾಸೆಟ್ಟಿಗೆ ಬೆಲೆ ಉಂಟು. ಕಸುಬಿನವ ಮದುಮಕ್ಕಳ ಬೆನ್ನು ಬಿಡುತ್ತಿರಲಿಲ್ಲ. ನೆಂಟನೋ, ಅಡುಗೆಯ ಚಪ್ಪರಕ್ಕೂ ಹೋದ, ಮೂಲೆಯಲ್ಲಿ ವೀಳ್ಯ ಮೆಲ್ಲುತ್ತ ಕೂತ ಅಜ್ಜಿಯನ್ನೂ ಮಾತಾಡಿಸಿದ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಸ್ವರ ಉಳಿದಿರುವುದು ಅದೊಂದರಲ್ಲೇ.

ಈಗ ಅದಕ್ಕೇ ಗಂಡಾಂತರ. ನಮ್ಮ ಮಳೆಗಾಲದ ತೇವಕ್ಕೆ ಕಪಾಟಿನೊಳಗಿನ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಹಾಗೆಯೇ ಹಾಕಿ ನೋಡಿದಿರೋ, ಯಂತ್ರದ ಹೆಡ್ಡಿಗೆ ಕೊಳೆ ಕೂತು ಟೇಪೂ ಹರಿದೀತು. ಮೊದಲು ಕ್ಲೀನ್ ಮಾಡಿಸಬೇಕು, ಆಮೇಲೆ ಕಂಪ್ಯೂಟರಿಗೆ ಇಳಿಸಬೇಕು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ಕೈಬಿಟ್ಟಿತು. ಹಳೇ ಯಂತ್ರ ರಿಪೇರಿ ಮಾಡುವವರೂ ಕಮ್ಮಿ.

ಮೊಬೈಲಿದೆಯಲ್ಲ ಎನ್ನಬೇಡಿ. ಈಗ ಮುಹೂರ್ತಕ್ಕೆ ಮಂಟಪದ ಸುತ್ತ ಕೈಗಳೇ ಕೈಗಳು. ಫೋನ್ ನೀರಿಗೆ ಬಿದ್ದ ದಿನ ವೀಡಿಯೋವೂ ಹೋಯ್ತು ಮಾರಾಯ್ರೇ! ಕಪಾಟಿನಲ್ಲಿರುವ ಕ್ಯಾಸೆಟನ್ನಾದರೂ ಮಳೆ ಹಿಡಿಯುವ ಮೊದಲು ಹೊರಗೆ ತೆಗೆಯಿರಿ.