ರತ್ನಗಂಬಳಿಯ ಶೋಧನೆಯಲ್ಲಿ ಬಿಸಿನೀರು ಮತ್ತು ತಣ್ಣೀರು

ಕಳೆದ ವರ್ಷ ಮಳೆಗಾಲಕ್ಕೆ ಮುನ್ನ ನಮ್ಮ ವಿಭಾಗಕ್ಕೆ ಒಂದು ಜಮಖಾನವು ಪರೀಕ್ಷೆಗಾಗಿ ಬಂದಿತು. ಅದು ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಕೈಮಗ್ಗದ ಮೇಲೆ ನೇಯುವ ಹತ್ತಿಯ ಜಮಖಾನ. ನಡುವೆ ಪಗಡೆಯ ಹಾಸಿನ ಚಿತ್ರ, ಸುತ್ತಲೂ ಕೆಂಪು ಅಂಚು. ಮನೆಯವರು ಅದನ್ನು ಮದುವೆಯೊಂದರ ತರುವಾಯ ಹಾಸುಗಳನ್ನು ಶುಚಿಮಾಡುವ ವೃತ್ತಿಗಾರರೊಬ್ಬರ ಕೈಗೆ ಕೊಟ್ಟಿದ್ದರು. ಅವರು ಹಬೆಯಾಡುವ ನೀರಿನಿಂದ ಅದನ್ನು ತೊಳೆದರು. ಕೊಳೆ ಹೋಯಿತು, ಅದರೊಡನೆ ಕೆಂಪು ಬಣ್ಣವೂ ಕದಡಿ ಬಿಳಿಯ ನೂಲಿಗೆಲ್ಲ ಹರಿಯಿತು. ಅಜ್ಜಿಯ ಕಾಲದ ವಸ್ತುವು ಕೆಟ್ಟಿತೆಂದು ಮನೆಯವರು ಅದರ ಬೆಲೆಯನ್ನು ಕೇಳಿದರು. ಆ ಮೊತ್ತವು ವೃತ್ತಿಗಾರರ ಒಂದು ತಿಂಗಳ ಗಳಿಕೆಗಿಂತ ಕಡಿಮೆಯಾಗಿರಲಿಲ್ಲ. “ಬಿಸಿನೀರಿಲ್ಲದೆ ಜಿಡ್ಡು ಬಿಡುವುದುಂಟೆ?” ಎಂಬುದು ಅವರ ಪ್ರಶ್ನೆ, “ತಣ್ಣೀರಿನಲ್ಲಿ ತೊಳೆದಿದ್ದರೆ ಬಣ್ಣ ಉಳಿಯುತ್ತಿರಲಿಲ್ಲವೆ?” ಎಂಬುದು ಮನೆಯವರ ಪ್ರಶ್ನೆ. ಎರಡು ಪ್ರಶ್ನೆಗಳಿಗೂ ಉತ್ತರವನ್ನು ನಮ್ಮಿಂದ ಬಯಸಿದರು. ಈ ಲೇಖನವು ಆ ಉತ್ತರದ ವಿಸ್ತಾರವೆಂದು ವಾಚಕರು ತಿಳಿಯಬಹುದು.

ಮೊದಲು ಕೊಳೆಯ ಸ್ವರೂಪವನ್ನು ವಿಚಾರಿಸೋಣ. ಹಾಸಿನಲ್ಲಿ ಸೇರುವ ಕೊಳೆಯ ಬಹುಭಾಗವು ಒಣಗಿದ ಮಣ್ಣು, ಮರಳು, ಧೂಳು ಮತ್ತು ನೂಲಿನ ಚೂರು. ಇವು ನೀರಿನಲ್ಲಿ ಕರಗುವ ವಸ್ತುಗಳಲ್ಲ; ಆದಕಾರಣ ನೀರು ಬಿಸಿಯಾಗಿದ್ದರೂ ತಣ್ಣಗಿದ್ದರೂ ಇವುಗಳ ವಿಷಯದಲ್ಲಿ ಹೆಚ್ಚಿನ ಭೇದವಿಲ್ಲ. ಒಣಗಿರುವಾಗಲೇ ಕೊಡವಿ, ಧೂಳು ಹೀರುವ ಯಂತ್ರದಿಂದ ಇವನ್ನು ತೆಗೆಯಬೇಕು. ಹಾಗೆ ತೆಗೆಯದೆ ನೀರು ಹಾಕಿದರೆ ಧೂಳು ಕೆಸರಾಗಿ ಎಳೆಗಳ ಬುಡಕ್ಕೆ ಇಳಿಯುತ್ತದೆ. ಎರಡನೆಯದು ಸಕ್ಕರೆ, ಉಪ್ಪು, ಬೆವರು ಮೊದಲಾದ ಕರಗುವ ಕೊಳೆ. ಇದಕ್ಕೆ ತಣ್ಣೀರೂ ಸಾಕು. ಮೂರನೆಯದು ತುಪ್ಪ, ಎಣ್ಣೆ, ಪಾದದ ಜಿಡ್ಡು. ಬಿಸಿನೀರಿನ ನಿಜವಾದ ಪ್ರಯೋಜನವು ಈ ಮೂರನೆಯ ವರ್ಗದಲ್ಲಿ ಕಂಡುಬರುತ್ತದೆ.

ಉಷ್ಣವು ಇಲ್ಲಿ ಮಾಡುವ ಕೆಲಸವು ಹಲವು ಬಗೆಯದು. ತುಪ್ಪ, ಬೆಣ್ಣೆಗಳು ಸುಮಾರು ೩೫ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಕರಗಿ ದ್ರವವಾಗುತ್ತವೆ. ಗಟ್ಟಿಯಾದ ಜಿಡ್ಡಿಗಿಂತ ದ್ರವವಾದ ಜಿಡ್ಡನ್ನು ಮಾರ್ಜಕವು ಸುಲಭವಾಗಿ ಸುತ್ತುವರಿದು ಎಳೆಯಿಂದ ಬಿಡಿಸುತ್ತದೆ. ನೀರಿನ ಸ್ನಿಗ್ಧತೆಯು ೨೫ ಡಿಗ್ರಿಯಲ್ಲಿದ್ದುದು ೬೦ ಡಿಗ್ರಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದಕಾರಣ ಬಿಸಿನೀರು ಎಳೆಗಳ ಸಂದಿಯಲ್ಲಿ ಬೇಗ ಹರಿಯುತ್ತದೆ, ಬೇಗ ಹೀರಲ್ಪಡುತ್ತದೆ. ಅಲ್ಲದೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ ೧೦ ಡಿಗ್ರಿಗೆ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವೂ ಇಲ್ಲಿ ಅನ್ವಯಿಸುತ್ತದೆ.

ಆದರೆ ಬಿಸಿನೀರು ತಾನೇ ಎಳೆಯನ್ನು ಚೆನ್ನಾಗಿ ತೋಯಿಸುವುದೆಂಬ ನಂಬಿಕೆಯು ಅಷ್ಟು ಸರಿಯಲ್ಲ. ನೀರಿನ ಮೇಲ್ಮೈ ಸೆಳೆತವು ೨೫ ಡಿಗ್ರಿಯಲ್ಲಿ ಮೀಟರಿಗೆ ಸುಮಾರು ೭೨ ಮಿಲಿನ್ಯೂಟನ್. ೬೦ ಡಿಗ್ರಿಯಲ್ಲಿ ಸುಮಾರು ೬೬. ಇಷ್ಟೇ ವ್ಯತ್ಯಾಸ. ಸ್ವಲ್ಪ ಮಾರ್ಜಕವನ್ನು ಬೆರೆಸಿದ ತಣ್ಣೀರಿನಲ್ಲಿಯಾದರೋ ಅದು ೩೦ರ ಸಮೀಪಕ್ಕೆ ಇಳಿಯುತ್ತದೆ. ತೋಯಿಸುವ ಕೆಲಸವು ಮಾರ್ಜಕದ್ದೇ ಹೊರತು ಉಷ್ಣದ್ದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮಾರ್ಜಕಕ್ಕೂ ಉಷ್ಣತೆಯ ಮಿತಿಯುಂಟು. ಅಯಾನಿಕವಲ್ಲದ ಕೆಲವು ಮಾರ್ಜಕಗಳು ತಮ್ಮ ತಮ್ಮ ಮಿತಿಯನ್ನು ದಾಟಿದೊಡನೆ ದ್ರಾವಣದಿಂದ ಬೇರ್ಪಟ್ಟು ನೀರನ್ನು ಕದಡಿಸುತ್ತವೆ. ಕಿಣ್ವಗಳನ್ನು ಬೆರೆಸಿದ ಮಾರ್ಜಕಗಳು ಹೆಚ್ಚು ಬಿಸಿಯಲ್ಲಿ ತಮ್ಮ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ.

೧೯೫೯ರಲ್ಲಿ ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ತಜ್ಞರು ತೊಳೆಯುವ ಕ್ರಿಯೆಯನ್ನು ಒಂದು ವೃತ್ತದ ರೂಪದಲ್ಲಿ ನಿರೂಪಿಸಿದರು. ರಾಸಾಯನಿಕ, ಯಾಂತ್ರಿಕ ಶ್ರಮ, ಉಷ್ಣತೆ, ಕಾಲ ಎಂಬ ನಾಲ್ಕು ಭಾಗಗಳು ಸೇರಿ ಆ ವೃತ್ತವು ಪೂರ್ಣವಾಗುತ್ತದೆ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಒಂದನ್ನೋ ಹಲವನ್ನೋ ಹೆಚ್ಚಿಸಬೇಕು. ತಣ್ಣೀರಿನಿಂದ ಶುಚಿಮಾಡಬೇಕಾದರೆ ಮಾರ್ಜಕವನ್ನು ಹೆಚ್ಚು ಹೊತ್ತು ನಿಲ್ಲಿಸಬೇಕು, ಇಲ್ಲವೆ ಬ್ರಷ್ಷಿನಿಂದ ಹೆಚ್ಚು ಉಜ್ಜಬೇಕು. ಬಿಸಿನೀರು ವೃತ್ತಿಗಾರರ ಸಮಯವನ್ನೂ ತೋಳಿನ ಶ್ರಮವನ್ನೂ ಉಳಿಸುತ್ತದೆ. ಅವರು ಅದನ್ನು ನೆಚ್ಚುವುದಕ್ಕೆ ಇದೇ ಕಾರಣ. ಆ ನೆಚ್ಚಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯವಾದೀತು.

ಇನ್ನು, ಯಂತ್ರದ ಕಡಾಯಿಯಲ್ಲಿರುವ ಉಷ್ಣತೆಯು ಹಾಸಿನ ಎಳೆಗೆ ಎಷ್ಟು ಮುಟ್ಟುತ್ತದೆ ಎಂಬುದನ್ನು ನೋಡೋಣ. ಜನರು ‘ಹಬೆಯ ಶೋಧನೆ’ ಎಂದು ಕರೆಯುವ ವಿಧಾನದಲ್ಲಿ ಸಾಮಾನ್ಯವಾಗಿ ಹಬೆಯಿರುವುದಿಲ್ಲ. ಮಾರ್ಜಕ ಬೆರೆತ ಬಿಸಿನೀರನ್ನು ಒತ್ತಡದಿಂದ ಚಿಮ್ಮಿಸಿ ಒಡನೆಯೇ ಹೀರಿಬಿಡುತ್ತಾರೆ. ಒಂದು ಚದರ ಮೀಟರಿಗೆ ೨ ಕಿಲೋಗ್ರಾಂ ತೂಗುವ ಉಣ್ಣೆಯ ಹಾಸು ೨೫ ಡಿಗ್ರಿಯಲ್ಲಿದೆಯೆಂದೂ ಅದರ ಮೇಲೆ ೮೦ ಡಿಗ್ರಿಯ ೧ ಲೀಟರು ನೀರು ಬಿದ್ದಿತೆಂದೂ ಇಟ್ಟುಕೊಳ್ಳೋಣ. ಉಣ್ಣೆಯ ವಿಶಿಷ್ಟೋಷ್ಣವು ನೀರಿನದರ ಸುಮಾರು ಮೂರರಲ್ಲಿ ಒಂದು ಭಾಗ. ಲೆಕ್ಕ ಹಾಕಿದರೆ ಎರಡೂ ಸೇರಿ ನೆಲೆಗೊಳ್ಳುವ ಉಷ್ಣತೆಯು ಸುಮಾರು ೫೮ ಡಿಗ್ರಿ. ಕೊಳವೆಯಲ್ಲಿಯೂ ಗಾಳಿಯಲ್ಲಿ ಹಾರುವ ಹನಿಗಳಲ್ಲಿಯೂ ಕಳೆದುಹೋಗುವ ಉಷ್ಣವನ್ನು ಇಲ್ಲಿ ಸೇರಿಸಿಲ್ಲ. ಸೇರಿಸಿದರೆ ಅದು ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಯಂತ್ರದ ಮಾಪಕವು ತೋರಿಸುವ ಅಂಕಿಯನ್ನು ಹಾಸಿನ ಉಷ್ಣತೆಯೆಂದು ಭಾವಿಸಬಾರದು. ಬಕೆಟ್ಟಿನಿಂದ ನೇರವಾಗಿ ಧಾರಾಳವಾಗಿ ಸುರಿದ ಕುದಿನೀರಿನ ಮಾತು ಮಾತ್ರ ಬೇರೆ. ಅಲ್ಲಿ ನೀರಿನ ಪ್ರಮಾಣವು ಹೆಚ್ಚಾದ್ದರಿಂದ ಹಾಸು ಪೂರ್ಣವಾಗಿ ಕಾಯುತ್ತದೆ ಮತ್ತು ಬಹಳ ಹೊತ್ತು ಬಿಸಿಯಾಗಿಯೇ ಉಳಿಯುತ್ತದೆ. ನಮ್ಮಲ್ಲಿಗೆ ಬಂದ ಜಮಖಾನಕ್ಕೆ ಆಗಿದ್ದುದು ಇದೇ.

ಬಿಸಿನೀರು ಬೇಗ ಒಣಗುವುದೆಂಬ ಮಾತನ್ನೂ ತೂಗಿನೋಡಬೇಕು. ೧ ಲೀಟರು ನೀರನ್ನು ೨೫ರಿಂದ ೮೦ ಡಿಗ್ರಿಗೆ ಕಾಯಿಸಲು ಸುಮಾರು ೨೩೦ ಕಿಲೋಜೂಲು ಬೇಕು. ಅದೇ ನೀರು ಆವಿಯಾಗಲು ಸುಮಾರು ೨೪೦೦ ಕಿಲೋಜೂಲು ಬೇಕು. ಬಿಸಿನೀರು ತನ್ನೊಡನೆ ತರುವ ಉಷ್ಣವು ಒಣಗಿಸಲು ಬೇಕಾದುದರ ಹತ್ತರಲ್ಲಿ ಒಂದು ಭಾಗಕ್ಕೂ ಸಾಲದು. ಉಳಿದುದನ್ನು ಕೋಣೆಯ ಗಾಳಿಯೇ ಒದಗಿಸಬೇಕು. ಒಣಗುವ ವೇಗವು ಎಷ್ಟು ನೀರನ್ನು ಹೀರಿ ತೆಗೆದೆವು, ಎಷ್ಟು ಗಾಳಿಯಾಡಿಸಿದೆವು ಎಂಬುದನ್ನು ಮುಖ್ಯವಾಗಿ ಅವಲಂಬಿಸಿದೆ. ಕರಾವಳಿಯ ಆಷಾಢ ಶ್ರಾವಣಗಳಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ನೀರೆಷ್ಟು ಬಿಸಿಯಾಗಿದ್ದರೇನು? ಹಾಸು ಎರಡು ದಿನ ಒದ್ದೆಯಾಗಿಯೇ ಉಳಿದರೆ ಬೂಷ್ಟು ಹಿಡಿಯುತ್ತದೆ. ಸೆಣಬಿನ ಬೆನ್ನುಳ್ಳ ಹಾಸಾದರೆ ಕುಗ್ಗುವ ಭಯವುಂಟು. ಕೆಳಗಿನ ಕಂದು ಬಣ್ಣವು ಏರುವ ನೀರಿನೊಡನೆ ಎಳೆಗಳ ತುದಿಗೆ ಬಂದು ನಿಲ್ಲುವುದೂ ಉಂಟು.

ಈಗ ಬಿಸಿನೀರಿನ ಅಪಾಯಗಳನ್ನು ಹೇಳಬೇಕು. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತೆ ಸೂಕ್ಷ್ಮವಾದ ಪದರಗಳಿವೆ. ತೇವ, ಉಷ್ಣ, ಉಜ್ಜುವಿಕೆ ಮೂರೂ ಸೇರಿದಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಜಡೆಗಟ್ಟುತ್ತವೆ. ನಮ್ಮ ಕುರುಬರು ಕಂಬಳಿಯನ್ನು ದಟ್ಟವಾಗಿಸಲು ಉಪಯೋಗಿಸಿಕೊಳ್ಳುವ ಉಣ್ಣೆಯ ಈ ಗುಣವೇ ರತ್ನಗಂಬಳಿಯಲ್ಲಿ ದೋಷವಾಗುತ್ತದೆ. ಬಿಸಿಯೊಡನೆ ಕ್ಷಾರವೂ ಸೇರಿದರೆ ಉಣ್ಣೆಯ ಪ್ರೋಟೀನು ಶಿಥಿಲವಾಗುತ್ತದೆ. ಆದ್ದರಿಂದ ಉಣ್ಣೆಗೆ ಬಳಸುವ ದ್ರಾವಣದ ಪಿಎಚ್ ಮೌಲ್ಯವು ೮ನ್ನು ಮೀರದಿರುವುದು ಕ್ಷೇಮ. ನೈಲಾನ್, ಪಾಲಿಪ್ರೊಪಿಲೀನ್ ಮೊದಲಾದ ಕೃತಕ ಎಳೆಗಳು ಇಂಥ ಜಡೆಗಟ್ಟುವಿಕೆಗೆ ಒಳಗಾಗುವುದಿಲ್ಲ. ಅದರಲ್ಲಿಯೂ ಪಾಲಿಪ್ರೊಪಿಲೀನ್ ನೀರನ್ನು ಹೀರುವುದಿಲ್ಲ, ಜಿಡ್ಡನ್ನಾದರೋ ಬಿಗಿಯಾಗಿ ಹಿಡಿಯುತ್ತದೆ. ಕಚೇರಿಗಳಲ್ಲಿಯೂ ಹೋಟೆಲುಗಳಲ್ಲಿಯೂ ಹಾಸುವ ಅಂಥ ಹಾಸುಗಳಿಗೆ ಬಿಸಿನೀರೇ ತಕ್ಕುದು.

ಕಲೆಗಳ ವಿಷಯದಲ್ಲಿ ಎಚ್ಚರವು ಇನ್ನೂ ಹೆಚ್ಚಿರಬೇಕು. ರಕ್ತ, ಮೊಟ್ಟೆ, ಹಾಲು ಇವು ಪ್ರೋಟೀನುಳ್ಳ ಕಲೆಗಳು. ಮೊಟ್ಟೆಯ ಬಿಳಿಯು ಸುಮಾರು ೬೦ ಡಿಗ್ರಿ ದಾಟಿದರೆ ಗಟ್ಟಿಯಾಗುವುದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡಿದ್ದಾರೆ. ಬಿಸಿನೀರು ಬಿದ್ದರೆ ಹಾಸಿನಲ್ಲಿಯೂ ಹಾಗೆಯೇ ಆಗಿ ಕಲೆಯು ನೆಲೆಸಿಬಿಡುತ್ತದೆ. ಇವಕ್ಕೆ ಮೊದಲು ತಣ್ಣೀರನ್ನೇ ಬಳಸಬೇಕು. ಅರಿಶಿನದ ಬಣ್ಣವು ನೀರಿನಲ್ಲಿ ಕರಗುವುದೇ ಕಷ್ಟ. ಕ್ಷಾರವು ತಗುಲಿದೊಡನೆ ಅದು ಕೆಂಪಾಗುತ್ತದೆ. ಅಲ್ಲಿ ನೀರನ್ನು ಕಾಯಿಸುವುದಕ್ಕಿಂತ ಕ್ಷಾರವನ್ನು ದೂರವಿಡುವುದು ಮುಖ್ಯ.

ಖರ್ಚಿನ ಮಾತನ್ನೂ ಮರೆಯಬಾರದು. ೪೦ ಲೀಟರು ನೀರನ್ನು ೨೫ರಿಂದ ೮೦ ಡಿಗ್ರಿಗೆ ಏರಿಸಲು ಸುಮಾರು ಎರಡೂವರೆ ಯೂನಿಟ್ ವಿದ್ಯುತ್ತು ತಗಲುತ್ತದೆ. ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿದರೆ ಅದರಲ್ಲಿರುವ ಬೈಕಾರ್ಬೊನೇಟುಗಳು ಒಡೆದು ಸುಣ್ಣದಂಥ ಪದರವು ಕಡಾಯಿಯ ಒಳಗೂ ಚಿಮ್ಮುಕೊಳವೆಯ ಬಾಯಲ್ಲೂ ಕಟ್ಟಿಕೊಳ್ಳುತ್ತದೆ.

ಮತ್ತೆ ಜಮಖಾನಕ್ಕೆ ಬರೋಣ. ಅದರ ಅಂಚಿನ ಕೆಂಪು ನೂಲಿನ ಮೇಲೆ ಮಾರ್ಜಕ ಬೆರೆಸಿದ ತಣ್ಣೀರಿನಲ್ಲಿ ಅದ್ದಿದ ಬಿಳಿಯ ಬಟ್ಟೆಯನ್ನು ಹತ್ತು ನಿಮಿಷ ಒತ್ತಿಟ್ಟೆವು. ಬಟ್ಟೆಯು ಕೆಂಪಾಯಿತು. ಬಿಸಿನೀರಿನಲ್ಲಿ ಅದೇ ಪರೀಕ್ಷೆಯನ್ನು ಮಾಡಿದಾಗ ಬಟ್ಟೆಯು ಇನ್ನೂ ಬೇಗ, ಇನ್ನೂ ಗಾಢವಾಗಿ ಕೆಂಪಾಯಿತು. ಬಣ್ಣವು ನೂಲಿಗೆ ಸರಿಯಾಗಿ ಕಚ್ಚಿರಲಿಲ್ಲವೆಂಬುದು ಇದರಿಂದ ಸಿದ್ಧವಾಯಿತು. ತಣ್ಣೀರಿನಲ್ಲಿ ತೊಳೆದಿದ್ದರೂ ಬಣ್ಣವು ಸ್ವಲ್ಪಮಟ್ಟಿಗೆ ಹರಿಯುತ್ತಿತ್ತು; ಆದರೆ ಅದು ನಿಧಾನವಾಗಿ ಹರಿದು ಕಣ್ಣಿಗೆ ಬೀಳುತ್ತಿತ್ತು, ಕೈಯನ್ನು ತಡೆಯಲು ಅವಕಾಶವಿರುತ್ತಿತ್ತು. ಬಿಸಿನೀರು ಆ ಅವಕಾಶವನ್ನು ಕೊಡಲಿಲ್ಲ. ಮನೆಯವರ ಮಾತಿನಲ್ಲಿಯೂ ವೃತ್ತಿಗಾರರ ಮಾತಿನಲ್ಲಿಯೂ ಅರ್ಧ ಸತ್ಯವಿತ್ತೆಂದು ನಾವು ಬರೆದುಕೊಟ್ಟೆವು. ತರುವಾಯ ಅವರಿಬ್ಬರೂ ನಷ್ಟವನ್ನು ಹಂಚಿಕೊಂಡರೆಂದು ತಿಳಿದುಬಂದಿತು. ಜಮಖಾನವು ಮಾತ್ರ ಮೊದಲಿನಂತಾಗಲಿಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು: ಜಿಡ್ಡು ಹಿಡಿದ ಕೃತಕ ಎಳೆಯ ಹಾಸಿಗೆ ಬಿಸಿನೀರು, ಉಣ್ಣೆಗೆ ಕ್ಷಾರವಿಲ್ಲದ ಉಗುರುಬೆಚ್ಚಗಿನ ನೀರು, ಮೃದುವಾದ ಕೈ, ಕೈಮಗ್ಗದ ಬಣ್ಣದ ಹತ್ತಿಗೂ ಪ್ರೋಟೀನಿನ ಕಲೆಗೂ ಮೊದಲು ತಣ್ಣೀರು. ಈ ಮೂರಕ್ಕೂ ಮುಂಚೆ ಒಣ ಧೂಳನ್ನು ತೆಗೆಯುವುದು, ಕಾಣದ ಮೂಲೆಯಲ್ಲಿ ಬಿಳಿಯ ಬಟ್ಟೆಯ ಪರೀಕ್ಷೆಯನ್ನು ಮಾಡುವುದು. ಈ ಪರೀಕ್ಷೆಗೆ ಯಂತ್ರವೂ ಬೇಡ, ಹಣವೂ ಬೇಡ. ಹತ್ತು ನಿಮಿಷದ ತಾಳ್ಮೆಯೊಂದು ಸಾಕು. ಹಾಸನ್ನು ಒಪ್ಪಿಸುವವರೂ ಒಪ್ಪಿಕೊಳ್ಳುವವರೂ ಒಟ್ಟಿಗೆ ನಿಂತು ಇದನ್ನು ಮಾಡಿದರೆ ಒಬ್ಬರ ಮನೆಯ ವಸ್ತುವೂ ಇನ್ನೊಬ್ಬರ ತಿಂಗಳ ಅನ್ನವೂ ಉಳಿಯುತ್ತದೆ.